ಈ ಗುಲಾಬಿಗೆ ಇನ್ನು ಎಷ್ಟು ದಿನ?

ದೊಡ್ಡಬಳ್ಳಾಪುರದ ಹತ್ತಿರ ನಮ್ಮದು ಒಂದು ಎಕರೆ ಪಾಲಿಹೌಸ್. ಅದರಲ್ಲಿ ತಾಜ್‌ಮಹಲ್ ಅನ್ನುವ ತಳಿಯ ಕೆಂಪು ಗುಲಾಬಿ ಬೆಳೆಯುತ್ತೇವೆ. 2014ರ ಫೆಬ್ರವರಿಯಲ್ಲಿ, ಪ್ರೇಮಿಗಳ ದಿನದ ಹೊತ್ತಿಗೆ, ಮೊದಲ ಸಲ ಯುರೋಪಿಗೆ ಹೂವು ಕಳಿಸಿದೆವು. ವಾರ ಕಳೆದ ಮೇಲೆ ಮೊಬೈಲಿಗೆ ಒಂದು ಫೋಟೊ ಬಂತು. ನಮ್ಮ ಹೂವೆಲ್ಲ ಕತ್ತು ಬಾಗಿಸಿಕೊಂಡು ನಿಂತಿದ್ದವು. ಹೂವಿನವರು ಇದಕ್ಕೆ 'ಬೆಂಟ್ ನೆಕ್' ಅನ್ನುತ್ತಾರೆ. ಹೂವಿನ ದುಡ್ಡು ಬರಲಿಲ್ಲ, ಸಾಗಣೆ ಖರ್ಚೂ ನಮ್ಮ ತಲೆ ಮೇಲೇ ಬಿತ್ತು. ತೋಟದಲ್ಲಿ ಅಷ್ಟು ಚೆನ್ನಾಗಿದ್ದ ಹೂವು ಅಲ್ಲಿಗೆ ಹೋಗಿ ಹಾಗೆ ಯಾಕಾಯಿತು? ಮೂರು ವರ್ಷ ಈ ಪ್ರಶ್ನೆ ಕೊರೆಯುತ್ತಲೇ ಇತ್ತು.

ಉತ್ತರ ಸಿಕ್ಕಿದ್ದು 2017ರ ನವೆಂಬರಿನಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ. ಹನ್ನೆರಡು ಜನ ಬೆಳೆಗಾರರು ದುಡ್ಡು ಹಾಕಿಕೊಂಡು ಒಂಬತ್ತು ದಿನದ ಅಧ್ಯಯನ ಪ್ರವಾಸಕ್ಕೆ ಹೋಗಿದ್ದೆವು. ಏಪ್ರಿಲಿನಲ್ಲಿ ಹೋದರೆ ಟ್ಯುಲಿಪ್ ತೋಟ ನೋಡಬಹುದು ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ನವೆಂಬರ್ ಮೊದಲ ಭಾಗದಲ್ಲಿ ಆಲ್ಸ್‌ಮೀರ್ ಮತ್ತು ಫೈಫ್‌ಹೌಜನ್‌ನಲ್ಲಿ ಹೂವಿನ ವ್ಯಾಪಾರ ಮೇಳಗಳು ನಡೆಯುತ್ತವೆ. ಕೊಳ್ಳುವವರು, ಕೀನ್ಯಾ ಬೆಳೆಗಾರರು, ಹೊಸ ತಳಿ ಮಾಡುವವರು ಎಲ್ಲ ಆ ವಾರ ಅಲ್ಲೇ ಸಿಗುತ್ತಾರೆ. ವ್ಯಾಪಾರ ಕಲಿಯಲು ಹೋಗುವವರಿಗೆ ಅದೇ ಸರಿಯಾದ ಕಾಲ.

ಎರಡನೇ ದಿನ ಕತ್ತಲಿರುವಾಗಲೇ ಆಲ್ಸ್‌ಮೀರ್ ಹರಾಜು ಕಟ್ಟಡಕ್ಕೆ ಹೋದೆವು. ಊರಿನಲ್ಲಿದ್ದ ಎರಡು ಹರಾಜು ಸಂಘಗಳು 1968ರಲ್ಲಿ ಒಂದಾಗಿ, 1972ರಲ್ಲಿ ಈ ಕಟ್ಟಡಕ್ಕೆ ಬಂದವಂತೆ. ಈಗ ಇದರ ಹೆಸರು ರಾಯಲ್ ಫ್ಲೋರಾಹಾಲೆಂಡ್. ಇದರ ಒಡೆಯರು ಬೆಳೆಗಾರರೇ, ಇದೊಂದು ಸಹಕಾರ ಸಂಘ. ಅದನ್ನು ಕೇಳಿ ನಮ್ಮ ಹಾಲಿನ ಡೈರಿ ನೆನಪಾಯಿತು. ಮೇಲೆ ನೋಡುಗರಿಗೆ ಉದ್ದದ ಸೇತುವೆ ಇದೆ. ಕೆಳಗೆ ನೋಡಿದರೆ ಕಣ್ಣು ಹೋಗುವಷ್ಟು ದೂರ ಹೂವಿನ ಗಾಡಿಗಳು. ಸಣ್ಣ ಟ್ರ್ಯಾಕ್ಟರುಗಳು ಅವನ್ನು ರೈಲಿನ ಹಾಗೆ ಎಳೆದುಕೊಂಡು ಓಡಾಡುತ್ತಿದ್ದವು.

ಅಲ್ಲಿ ಹರಾಜು ನಡೆಯುವುದು ಗಡಿಯಾರದ ಮೇಲೆ. ನಮ್ಮ ಕಡೆ ಹರಾಜೆಂದರೆ ಕೂಗುತ್ತಾ ಕೂಗುತ್ತಾ ಬೆಲೆ ಏರುತ್ತದೆ. ಅಲ್ಲಿ ಗಡಿಯಾರದಂಥ ಫಲಕದ ಮೇಲೆ ಬೆಲೆ ಮೇಲಿನಿಂದ ಕೆಳಗೆ ಇಳಿಯುತ್ತದೆ. ಮೊದಲು ಯಾರು ಗುಂಡಿ ಒತ್ತುತ್ತಾರೋ ಹೂವು ಅವರಿಗೆ. ಎಲ್ಲ ಕೆಲವೇ ಸೆಕೆಂಡು. ತಡಮಾಡಿದರೆ ಬೇರೆಯವರ ಪಾಲು. ಯಾರೂ ಮಾತಾಡುವುದಿಲ್ಲ. ಆಗಲೇ ಎಷ್ಟೋ ಜನ ತಮ್ಮ ಕಚೇರಿಯಲ್ಲೇ ಕೂತು ಕಂಪ್ಯೂಟರಿನಲ್ಲಿ ಗುಂಡಿ ಒತ್ತುತ್ತಿದ್ದರು. ಕನಿಷ್ಠ ಬೆಲೆಗೆ ಇಳಿದರೂ ಯಾರೂ ಒತ್ತದಿದ್ದರೆ ಆ ಹೂವನ್ನು ಮಾರುವುದೇ ಇಲ್ಲ, ನಾಶ ಮಾಡುತ್ತಾರೆ. ಅದನ್ನು ಕೇಳಿದಾಗ ಹೊಟ್ಟೆ ಚುರ್ ಅಂದಿತು. ಆದರೆ ಮಾರಾಟವಾದ ಹೂವಿನ ಹಣಕ್ಕೆ ಹರಾಜು ಸಂಘವೇ ಹೊಣೆ. ಬೆಳೆಗಾರ ಕೊಂಡವನ ಹಿಂದೆ ಅಲೆಯಬೇಕಾಗಿಲ್ಲ.

ಹೆಬ್ಬಾಳದ ನಮ್ಮ ಹೂವಿನ ಹರಾಜು ಕೇಂದ್ರದಲ್ಲೂ ಇದೇ ರೀತಿಯ ಗಡಿಯಾರ ಇದೆ. ಹಾಗಾಗಿ ಗಡಿಯಾರ ನನಗೆ ಹೊಸದಲ್ಲ. ನಾನು ಬೆರಗಾಗಿದ್ದು ಬೇರೆ ವಿಷಯಕ್ಕೆ. ಕೊಳ್ಳುವವರಲ್ಲಿ ಹೆಚ್ಚಿನವರು ಹೂವನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. ಪರದೆ ಮೇಲೆ ಬೆಳೆಗಾರನ ಹೆಸರು, ತಳಿ, ಕಾಂಡದ ಉದ್ದ, ಗುಣಮಟ್ಟದ ವಿವರ ಬರುತ್ತಿತ್ತು. ಅದನ್ನು ನಂಬಿ ಒತ್ತುತ್ತಿದ್ದರು. ಮುಟ್ಟದೆ, ಮೂಸದೆ ಅವರು ಕೊಳ್ಳುತ್ತಿರುವುದಾದರೂ ಏನನ್ನು?

ಇದಕ್ಕೆ ಉತ್ತರ ಸಿಕ್ಕಿದ್ದು ಮೇಳದಲ್ಲಿ. ಕೀನ್ಯಾದ ನೈವಾಶಾ ಸರೋವರದ ಬಳಿಯ ಒಂದು ತೋಟದವರು ಮಳಿಗೆ ಹಾಕಿದ್ದರು. ಕೊಯ್ಲಾದ ಮೇಲಿನ ಕೆಲಸ ನೋಡಿಕೊಳ್ಳುವ ಹೆಂಗಸೊಬ್ಬರು ಅಲ್ಲಿದ್ದರು. ನಾನು ಆ ಬಾಗಿದ ಹೂವಿನ ಫೋಟೊ ತೋರಿಸಿದೆ. ಅವರು ಮೂರೇ ಪ್ರಶ್ನೆ ಕೇಳಿದರು. ಎಷ್ಟು ಹೊತ್ತಿಗೆ ಕೊಯ್ದಿರಿ? ಕೊಯ್ದು ಎಷ್ಟು ನಿಮಿಷಕ್ಕೆ ನೀರಿಗಿಟ್ಟಿರಿ? ಎಷ್ಟು ಗಂಟೆಗೆ ಕೋಲ್ಡ್ ರೂಮಿಗೆ ಹೋಯಿತು? ಮೊದಲನೆಯದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇತ್ತು.

ಆಮೇಲೆ ಅವರು ಒಂದು ಹಾಳೆ ತೆಗೆದುಕೊಂಡು ಕೊನೆಯಿಂದ ಲೆಕ್ಕ ಹಾಕಿ ತೋರಿಸಿದರು. ಅಲ್ಲಿನ ಎಷ್ಟೋ ಸೂಪರ್‌ಮಾರ್ಕೆಟ್‌ಗಳು ಗಿರಾಕಿಗೆ ಏಳು ದಿನದ ಗ್ಯಾರಂಟಿ ಕೊಡುತ್ತವೆ. ಅಂಗಡಿಯಲ್ಲಿ ಎರಡು ದಿನ. ಲಾರಿಯಲ್ಲಿ ಒಂದು, ಸಗಟು ವ್ಯಾಪಾರಿ ಹತ್ತಿರ ಒಂದು, ಹರಾಜಿಗೆ ಒಂದು, ವಿಮಾನಕ್ಕೆ ಒಂದು. ತೋಟದಿಂದ ವಿಮಾನ ನಿಲ್ದಾಣಕ್ಕೆ ಇನ್ನೊಂದು. ಒಟ್ಟು ಹದಿನಾಲ್ಕು. ಅಷ್ಟು ದಿನ ಹೂವಿನಲ್ಲಿ ಇರಬೇಕು. ನಾನು ಕಾಂಡಕ್ಕೆ ಎಷ್ಟು ರೂಪಾಯಿ ಅಂತ ಎಣಿಸುತ್ತಿದ್ದೆ, ಅವರು ಹೂವಿಗೆ ಎಷ್ಟು ದಿನ ಅಂತ ಎಣಿಸುತ್ತಿದ್ದರು. ಪರದೆ ಮೇಲಿನ ಬೆಳೆಗಾರನ ಹೆಸರಿಗೆ ಬೆಲೆ ಬರುವುದು ಇದೇ ಲೆಕ್ಕದಿಂದ. ಹೋದ ಸಲ ಅವನ ಹೂವು ಎಷ್ಟು ದಿನ ನಿಂತಿತ್ತು ಅನ್ನುವುದು ಕೊಳ್ಳುವವನಿಗೆ ನೆನಪಿರುತ್ತದೆ. ದಿನ ಎಣಿಸಲು ಅವರು ಪರೀಕ್ಷೆಯ ಕೋಣೆಯನ್ನೇ ಇಟ್ಟಿರುತ್ತಾರೆ. 20 ಡಿಗ್ರಿ ಬಿಸಿ, ಶೇ 60 ತೇವಾಂಶ, ದಿನಕ್ಕೆ 12 ಗಂಟೆ ಬೆಳಕು. ಯಾವ ದೇಶದ ಹೂವು ಬಂದರೂ ಅದೇ ಕೋಣೆ, ಅದೇ ಅಳತೆ.

ಆ ರಾತ್ರಿ ಹೋಟೆಲಿನಲ್ಲಿ ನಮ್ಮ ನಮ್ಮಲ್ಲೇ ಜೋರು ಚರ್ಚೆ ನಡೆಯಿತು. ಕೋಲ್ಡ್ ರೂಮ್ ಕಟ್ಟಿ ಮತ್ತೆ ಯುರೋಪಿಗೇ ಕಳಿಸೋಣ ಅಂತ ಕೆಲವರು. ನನಗೆ ಹಾಗನ್ನಿಸಲಿಲ್ಲ. ನೈವಾಶಾ ಇರುವುದು ಸುಮಾರು 1,900 ಮೀಟರ್ ಎತ್ತರದಲ್ಲಿ, ನಾವಿರುವುದು 900ರ ಆಸುಪಾಸಿನಲ್ಲಿ. ಅಲ್ಲಿ ರಾತ್ರಿ ತಂಪು. ಮೊಗ್ಗು ನಿಧಾನವಾಗಿ ಬಲಿತು ದಪ್ಪವಾಗುತ್ತದೆ. ಮೇಲಾಗಿ ಕೀನ್ಯಾದ ಹೂವಿಗೆ ಯುರೋಪಿನಲ್ಲಿ ಆಮದು ಸುಂಕ ಇಲ್ಲ. ನೆದರ್‌ಲ್ಯಾಂಡ್ಸ್‌ನ ಎಷ್ಟೋ ಗುಲಾಬಿ ಬೆಳೆಗಾರರೇ ಗಾಜಿನ ಮನೆ ಮುಚ್ಚಿ ಕೀನ್ಯಾ, ಇಥಿಯೋಪಿಯಾಕ್ಕೆ ಹೋಗಿದ್ದಾರೆ. ಒಂದು ಎಕರೆಯ ನಾನು ಅವರ ಜೊತೆ ಸ್ಪರ್ಧೆ ಮಾಡಿ ಗೆಲ್ಲುವುದು ಹೇಗೆ? ನನ್ನ ಹೂವಿಗೆ ಹದಿನಾಲ್ಕು ದಿನ ಇಲ್ಲದಿದ್ದರೆ, ಅಷ್ಟು ದಿನ ಬೇಡದ ಊರನ್ನು ನಾನು ಹುಡುಕಬೇಕು. ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ನಾಲ್ಕೂವರೆ ಗಂಟೆ ಅಷ್ಟೇ ಅಲ್ವಾ! ಇದು ಹೊಳೆದದ್ದು ಆಲ್ಸ್‌ಮೀರಿನಲ್ಲಿ ನಿಂತಾಗ. ಊರಲ್ಲೇ ಕೂತಿದ್ದರೆ ಇವತ್ತಿಗೂ ಯುರೋಪು ಯುರೋಪು ಅನ್ನುತ್ತಿದ್ದೆನೋ ಏನೋ.

ಊರಿಗೆ ಬಂದ ಮೇಲೆ ಮೊದಲು ಬಕೆಟ್‌ಗಳನ್ನು ಪಾಲಿಹೌಸಿನ ಸಾಲಿನೊಳಕ್ಕೇ ತಂದೆವು. ಮುಂಚೆ ಹೂವು ಕೊಯ್ದು, ತೋಳಿನ ಮೇಲೆ ಹೊರೆಯಾಗುವವರೆಗೂ ಇಟ್ಟುಕೊಂಡು, ಆಮೇಲೆ ಶೆಡ್ಡಿಗೆ ಒಯ್ಯುತ್ತಿದ್ದೆವು. ಆ ಅರ್ಧ ಗಂಟೆಯಲ್ಲಿ ಕಾಂಡದ ತುದಿಗೆ ಗಾಳಿ ಸೇರಿಕೊಳ್ಳುತ್ತದೆ. ಮತ್ತೆ ನೀರಿಗಿಟ್ಟರೂ ನೀರು ಸರಿಯಾಗಿ ಮೇಲೇರುವುದಿಲ್ಲ. ಬಕೆಟ್ ಗಲೀಜಾಗಿದ್ದರೆ ಬ್ಯಾಕ್ಟೀರಿಯಾ ಬೆಳೆದು ಕಾಂಡದ ಬಾಯಿ ಕಟ್ಟುತ್ತದೆ. ಕತ್ತು ಬಾಗುವುದಕ್ಕೆ ಇದೇ ಕಾರಣ. ಈಗ ಬಕೆಟ್ ದಿನಾ ತೊಳೆಯುತ್ತೇವೆ, ನೀರಿಗೆ ಸ್ವಲ್ಪ ಕ್ಲೋರಿನ್ ಹಾಕುತ್ತೇವೆ. ಅಕ್ಕಪಕ್ಕದ ಮೂವರು ಸೇರಿ ಒಂದು ಕೋಲ್ಡ್ ರೂಮ್ ಕಟ್ಟಿಸಿದೆವು. ಅದರೊಳಗೆ 2ರಿಂದ 4 ಡಿಗ್ರಿ. ಬಾಗಿಲಿಗೆ ಒಂದು ಪುಸ್ತಕ ಕಟ್ಟಿದ್ದೇವೆ. ಆ ಮೂರು ಪ್ರಶ್ನೆಗೂ ಉತ್ತರ ಅದರಲ್ಲಿ ದಿನಾ ಬರೆಯುತ್ತೇವೆ. ಕೆಲಸದವರಿಗೆ ಮೊದಮೊದಲು ಬೇಸರವಾಗುತ್ತಿತ್ತು. ಈಗ ಬರೆಯುವುದು ಮರೆತರೆ ಅವರೇ ನನಗೆ ನೆನಪಿಸುತ್ತಾರೆ.

ಪರೀಕ್ಷೆಯ ಕೋಣೆ ಕಟ್ಟುವ ಶಕ್ತಿ ನಮಗಿಲ್ಲ. ಹಾಗಾಗಿ ಕಳಿಸುವ ಪ್ರತಿ ಲೋಡಿನಿಂದ ಹತ್ತು ಹೂವು ತೆಗೆದು ನಮ್ಮ ಅಡುಗೆಮನೆ ಶೆಲ್ಫಿನ ಮೇಲೆ ಇಡುತ್ತೇನೆ. ಪಾತ್ರೆಗೆ ತಾರೀಖಿನ ಚೀಟಿ ಅಂಟಿಸುತ್ತೇನೆ. ಯಾವ ಹೂವು ಯಾವ ದಿನ ಬಾಗಿತು ಅಂತ ನಮ್ಮನೆಯವರೇ ಗುರುತು ಹಾಕುತ್ತಾರೆ. 2019ರ ಫೆಬ್ರವರಿಯಲ್ಲಿ ಸಿಂಗಪುರಕ್ಕೆ ಹೋದ ಲೋಡಿನ ಹತ್ತರಲ್ಲಿ ಒಂಬತ್ತು ಹೂವು ಹತ್ತನೇ ದಿನವೂ ನೆಟ್ಟಗೆ ನಿಂತಿದ್ದವು. ಆ ಸಲ ಪೂರ್ತಿ ದುಡ್ಡು ಬಂತು. ಮರುವಾರವೇ ಮತ್ತೆ ಕಳಿಸಿ ಅಂತ ಫೋನೂ ಬಂತು.

ಬೇಸಿಗೆ ಹೂವು ಮಾತ್ರ ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ. ಏಪ್ರಿಲಿನಲ್ಲಿ ಕೊಯ್ದದ್ದು ನಮ್ಮ ಶೆಲ್ಫಿನ ಮೇಲೆ ಆರು ದಿನಕ್ಕಿಂತ ಜಾಸ್ತಿ ನಿಲ್ಲುತ್ತಿಲ್ಲ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಯಾರು ಎಷ್ಟೇ ಕೇಳಿದರೂ ಹೊರದೇಶಕ್ಕೆ ಕೊಡುವುದಿಲ್ಲ. ಆ ಎರಡು ತಿಂಗಳು ನಮ್ಮ ಹೂವು ಹೆಬ್ಬಾಳಕ್ಕೆ ಹೋಗುತ್ತದೆ.