ಜಾರ್ಜೀವ್‌ನನ್ನು ಕೈಬಿಟ್ಟ ಕಥೆ

2024ರ ಸೆಪ್ಟೆಂಬರಿನಲ್ಲಿ ನಾನು ಕೊಲರಾಡೊ ತಂಡದ ಗೋಲಿ (ಗೋಲ್‌ಕೀಪರ್) ಅಲೆಕ್ಸಾಂಡರ್ ಜಾರ್ಜೀವ್‌ನನ್ನು ಬಿಡ್ತಿದ್ದೀನಿ ಅಂತ ನಮ್ಮ ಫ್ಯಾಂಟಸಿ ಐಸ್ ಹಾಕಿ ಲೀಗಿನ (ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ತಂಡ ಕಟ್ಟಿ, ಅವರ ಆಟದ ಅಂಕಿಗಳ ಮೇಲೆ ಪೈಪೋಟಿ ಮಾಡೋದು) ವಾಟ್ಸ್ಯಾಪ್ ಗುಂಪಿಗೆ ಹಾಕಿದಾಗ ಮೊದಲು ಫೋನ್ ಮಾಡಿದವನು ನಮ್ಮ ಮಂಡ್ಯದವನೇ. "ತಲೆಗಿಲೆ ಕೆಟ್ಟೈತೇನ್ಲಾ?" ಹನ್ನೆರಡು ಜನರ ಲೀಗಿನಲ್ಲಿ ಕನ್ನಡದವರು ನಾವಿಬ್ಬರೇ, ಕೆನಡಾದ ಬ್ರಾಂಪ್ಟನ್‌ನಲ್ಲಿ ಮನೆಯೂ ಹತ್ತಿರ. ಮಿಕ್ಕವರು ನಗುವ ಮುಖ ಒತ್ತಿ ಸುಮ್ಮನಾದರು. ಅವರದೂ ತಪ್ಪಲ್ಲ. ಹಿಂದಿನ ಎರಡು ಸೀಸನ್‌ನಲ್ಲಿ ಜಾರ್ಜೀವ್‌ಗಿಂತ ಹೆಚ್ಚು ಪಂದ್ಯ ಗೆದ್ದ ಗೋಲಿ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲೇ ಇರಲಿಲ್ಲ: 40, ಆಮೇಲೆ 38. ನಮ್ಮಲ್ಲಿ ಹೊಸ ಸೀಸನ್‌ಗೆ ಇಬ್ಬರೇ ಗೋಲಿಗಳನ್ನು ಉಳಿಸಿಕೊಳ್ಳಬಹುದು. ನಾನು ಉಳಿಸಿಕೊಂಡಿದ್ದು ವಿನಿಪೆಗ್‌ನ ಹೆಲಬಕ್ ಮತ್ತು ಲೋಗನ್ ಥಾಂಪ್ಸನ್.

ನಾನೇನೂ ಹುಟ್ಟಾ ಜಾಣನಲ್ಲ. 2022ರಲ್ಲಿ ಲೀನಸ್ ಉಲ್‌ಮಾರ್ಕ್‌ನನ್ನು ಬಿಟ್ಟು ಜ್ಯಾಕ್ ಕ್ಯಾಂಪ್‌ಬೆಲ್‌ನನ್ನು ಇಟ್ಟುಕೊಂಡ ಮಹಾನುಭಾವ ನಾನೇ. ಎಡ್ಮಂಟನ್‌ನವರು ವರ್ಷಕ್ಕೆ 50 ಲಕ್ಷ ಡಾಲರಿನಂತೆ ಐದು ವರ್ಷಕ್ಕೆ ಬರೆದುಕೊಟ್ಟಿದ್ದಾರೆ, ಮುಂದೆ ಗೋಲು ಹೊಡೆಯೋಕೆ ಸ್ಟಾರ್ ಆಟಗಾರ ಮೆಕ್‌ಡೇವಿಡ್ ಇದ್ದಾನೆ, ಗೆಲುವು ತಾನಾಗಿ ಬರುತ್ತೆ ಅಂದುಕೊಂಡೆ. ಗೆಲುವು ಇಪ್ಪತ್ತು ಚಿಲ್ಲರೆ ಬಂತು, ಸೇವ್ ಪರ್ಸೆಂಟೇಜ್ (ಬಂದ ಹೊಡೆತಗಳಲ್ಲಿ ತಡೆದದ್ದರ ಪಾಲು) ಮಾತ್ರ .888. ಅತ್ತ ಉಲ್‌ಮಾರ್ಕ್ 40 ಗೆಲುವು, .938, ಮೇಲೆ ವರ್ಷದ ಅತ್ಯುತ್ತಮ ಗೋಲಿಗೆ ಕೊಡುವ ವೆಜಿನಾ ಟ್ರೋಫಿ. ಮರುವರ್ಷ ನವೆಂಬರಿಗೆ ಕ್ಯಾಂಪ್‌ಬೆಲ್ ಕೆಳಗಿನ ಲೀಗಿಗೆ ಹೋದ. ಎರಡು ವರ್ಷದ ಎಂಟ್ರಿ, ಪಕ್ಕದ ಬೆಟ್ಟಿಂಗು ಎಲ್ಲ ಸೇರಿ ನನ್ನ ಕೈಯಿಂದ ಮುನ್ನೂರು ಡಾಲರಿನ ಹತ್ತಿರ ಹೋಯಿತು. ಮನೆಯಲ್ಲಿ ಇನ್ನೂರು ಅಂತ ಹೇಳಿದ್ದೆ.

ಆಮೇಲೆ ನನ್ನ ಶೀಟಿನಿಂದ ಗೆಲುವಿನ ಕಾಲಂ ಅಳಿಸಿದೆ. ಅದು ತಂಡದ್ದು, ಗೋಲಿಯದಲ್ಲ. ಉಳಿದದ್ದು ನಾಲ್ಕು: ಕೊನೆಯ 25 ಪಂದ್ಯಗಳ ಸೇವ್ ಪರ್ಸೆಂಟೇಜ್, ಬೆನ್ನ ಹಿಂದೆ ಕೂತಿರುವ ಎರಡನೇ ಗೋಲಿ ಯಾರು, ಒಪ್ಪಂದ ಎಂದು ಮುಗಿಯುತ್ತೆ. ನಾಲ್ಕನೆಯದನ್ನು ಇಲ್ಲಿ ಬರೆಯಲಾರೆ, ಮಂಡ್ಯದವನು ಓದುತ್ತಾನೆ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. 2023ರ ಅಕ್ಟೋಬರಿನಲ್ಲಿ ಸೀಸನ್ ಶುರುವಾದಾಗಿಂದ ಸ್ಯಾನ್ ಹೋಸೆ ತಂಡ ಸತತ 11 ಪಂದ್ಯ ಸೋತಿತ್ತು, ಅದರಲ್ಲಿ ಎರಡರಲ್ಲಿ ಬೆನ್ನುಬೆನ್ನಿಗೆ ಹತ್ತತ್ತು ಗೋಲು ಹೊಡೆಸಿಕೊಂಡಿತ್ತು. ಅವರ ಎದುರು ಯಾರೇ ಆಡಲಿ, ಆ ಗೋಲಿಯನ್ನು ಒಂದು ರಾತ್ರಿಗೆ ಎತ್ತಿಕೊಳ್ಳೋದು. ಮೂರು ಸಲ ಭರ್ಜರಿಯಾಗಿ ನಡೆಯಿತು. ನಾಲ್ಕನೇ ಸಲ ಫಿಲಡೆಲ್ಫಿಯಾದವನನ್ನು ಎತ್ತಿಕೊಂಡೆ, ಅವತ್ತೇ ಸ್ಯಾನ್ ಹೋಸೆ 2-1ರಲ್ಲಿ ಮೊದಲ ಪಂದ್ಯ ಗೆದ್ದಿತು. ಬಿಟ್ಟುಬಿಟ್ಟೆ.

ಜಾರ್ಜೀವ್ ವಿಷಯಕ್ಕೆ ಬರೋಣ. 38 ಗೆದ್ದ ಆ ವರ್ಷ ಅವನ ಸೇವ್ ಪರ್ಸೆಂಟೇಜ್ .897, ಪಂದ್ಯಕ್ಕೆ ಬಿಟ್ಟ ಗೋಲಿನ ಸರಾಸರಿ ಮೂರರ ಮೇಲೆ. ನಮ್ಮ ಲೀಗಿನಲ್ಲಿ ಗೋಲಿಯನ್ನು ಅಳೆಯೋದು ನಾಲ್ಕು ಲೆಕ್ಕದಲ್ಲಿ, ಅವನು ನನಗೆ ಗೆಲುವಿನ ಲೆಕ್ಕವೊಂದನ್ನು ಗೆದ್ದುಕೊಟ್ಟು ಈ ಎರಡನ್ನು ಸೋಲಿಸುತ್ತಿದ್ದ. "ಬಿಡೋದಾದ್ರೆ ಹೆಲಬಕ್‌ನ ಬಿಡು, ಪ್ಲೇಆಫ್‌ನಲ್ಲಿ ಕೊಲರಾಡೊದವ್ರು ಅವನನ್ನ ಅರೆದ್ರಲ್ಲ" ಅಂತ ಮಂಡ್ಯದವನ ವಾದ. ನಿಜ, ಐದು ಪಂದ್ಯದಲ್ಲಿ .870. ಆದರೆ ಪ್ಲೇಆಫ್ ನಮ್ಮ ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕಿರುವ 60 ಪಂದ್ಯದಲ್ಲಿ ಅದೇ ಮನುಷ್ಯ .921. ಅದೇ ಸರಣಿಯ ಮೊದಲ ಪಂದ್ಯದಲ್ಲಿ ಜಾರ್ಜೀವ್ 23 ಹೊಡೆತಕ್ಕೆ 7 ಗೋಲು ಬಿಟ್ಟಿದ್ದು ಯಾರಿಗೂ ನೆನಪಿರಲಿಲ್ಲ.

ಕಷ್ಟವಾಗಿದ್ದು ಥಾಂಪ್ಸನ್ ಲೆಕ್ಕ. ವೇಗಾಸ್‌ನಿಂದ ವಾಷಿಂಗ್ಟನ್‌ಗೆ ಆಗಷ್ಟೇ ಬಂದಿದ್ದ. ಅಲ್ಲಿ ಹಿಂದಿನ ವರ್ಷ ಆರು ಶಟ್‌ಔಟ್ (ಒಂದೂ ಗೋಲು ಬಿಡದ ಪಂದ್ಯ) ಮಾಡಿದ್ದ ಚಾರ್ಲಿ ಲಿಂಡ್‌ಗ್ರೆನ್ ಕೂತಿದ್ದ. ಜಾರ್ಜೀವ್, ಥಾಂಪ್ಸನ್ ಇಬ್ಬರ ಒಪ್ಪಂದವೂ 2025ಕ್ಕೇ ಮುಗಿಯುವಂಥದ್ದು, ಹಾಗಾಗಿ ಆ ಕಾಲಂ ಕೆಲಸಕ್ಕೆ ಬರಲಿಲ್ಲ. ನಾಲ್ಕನೇ ಕಾಲಂ ಥಾಂಪ್ಸನ್ ಅಂದಿತು. ಗಡುವಿಗೆ ಹತ್ತು ನಿಮಿಷ ಇರುವಾಗಲೂ ಡ್ರಾಪ್ ಬಟನ್ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಅಷ್ಟೊತ್ತಿಗೆ ಊರಿನಿಂದ ಅಮ್ಮನ ಫೋನು. "ಏನೋ ಮಾಡ್ತಿದ್ದೀಯಾ?" "ಒಂದು ಗೋಲಿ ಬಿಡಬೇಕಮ್ಮ." "ಈ ವಯಸ್ಸಲ್ಲಿ ಗೋಲಿ ಆಟ ಏನೋ!" ನಗುತ್ತಲೇ ಒತ್ತಿದೆ.

ಸೀಸನ್‌ನ ಮೊದಲ ಪಂದ್ಯದಲ್ಲೇ ಕೊಲರಾಡೊ 8-4ರಲ್ಲಿ ಸೋತಿತು. ಐದು ಗೋಲು ಬಿಟ್ಟ ಜಾರ್ಜೀವ್‌ನನ್ನು ಮಧ್ಯದಲ್ಲೇ ಬೆಂಚಿಗೆ ಕರೆದರು. ಡಿಸೆಂಬರಿನಲ್ಲಿ ಟ್ರೇಡ್ ಮಾಡಿ ಕಳಿಸಿದ್ದು ಎಲ್ಲಿಗೆ? ಸ್ಯಾನ್ ಹೋಸೆಗೆ! ಥಾಂಪ್ಸನ್ ಗೆದ್ದಿದ್ದು 31, ನಿಗದಿತ ಸಮಯದಲ್ಲಿ ಸೋತಿದ್ದು ಬರೀ ಆರು. ಹೆಲಬಕ್ 47 ಗೆಲುವು, 8 ಶಟ್‌ಔಟ್, ವೆಜಿನಾ ಜೊತೆಗೆ ಇಡೀ ಎನ್‌ಎಚ್‌ಎಲ್‌ನ ಅತಿ ಮೌಲ್ಯದ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯನ್ನೂ ಹೊಡೆದ. ಏಪ್ರಿಲ್ ಮೊದಲ ವಾರ, ನಮ್ಮ ಫೈನಲ್ ನಡೀತಿರುವಾಗಲೇ, ಥಾಂಪ್ಸನ್ ಗಾಯ ಮಾಡಿಕೊಂಡು ಹೊರಗೆ ಕೂತ. ಎರಡು ದಿನ ನನಗೆ ಊಟ ಸೇರಲಿಲ್ಲ. ಹೆಲಬಕ್ ಒಬ್ಬನೇ ದಡ ಸೇರಿಸಿದ.

ಕೈಗೆ ಬಂದಿದ್ದು 750 ಡಾಲರ್ ಆಸುಪಾಸು. ಹಳೆಯ ಸಾಲ ತೀರಿತು ಅಂತ ಇಟ್ಟುಕೊಳ್ಳಿ. ಮಂಡ್ಯದವನು ನಾಲ್ಕನೇ ಕಾಲಂ ಏನು ಅಂತ ಶನಿವಾರ ಶನಿವಾರ ಕಾಫಿಗೆ ಕರೀತಾನೆ, ದುಡ್ಡೂ ಅವನೇ ಕೊಡ್ತಾನೆ. ನಾನು ಹೋಗ್ತೀನಿ, ಕುಡೀತೀನಿ, ಬರ್ತೀನಿ.