ಬಲ್ಬಿನಿಂದ ಪ್ರಿಂಟರ್‌ವರೆಗೆ: ಮನೆಯ ಸಾಧನಗಳನ್ನು ವೈ-ಫೈಗೆ ಜೋಡಿಸುವ ಕ್ರಮ

ಫೋನ್ ಮತ್ತು ಲ್ಯಾಪ್‌ಟಾಪ್‌ಗಳನ್ನು ವೈ-ಫೈಗೆ ಜೋಡಿಸಲು ಯಾರ ನೆರವೂ ಬೇಕಾಗುವುದಿಲ್ಲ. ತಕರಾರು ತೆಗೆಯುವವು ಸ್ಮಾರ್ಟ್ ಬಲ್ಬು, ಪ್ಲಗ್, ಕ್ಯಾಮೆರಾ, ಪ್ರಿಂಟರ್‌ಗಳಂತಹ ಸಾಧನಗಳು. ಇಂದಿನ ಹೆಚ್ಚಿನ ರೂಟರ್‌ಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೊ ತರಂಗ ಪಟ್ಟಿ ಅಥವಾ ಬ್ಯಾಂಡ್‌ಗಳಲ್ಲಿ ಸಿಗ್ನಲ್ ಕಳುಹಿಸುತ್ತವೆಯಾದರೂ, ಈ ಸಣ್ಣ ಸಾಧನಗಳಲ್ಲಿ ಹೆಚ್ಚಿನವು ಮೊದಲನೆಯದನ್ನು ಮಾತ್ರ ಗುರುತಿಸಬಲ್ಲವು. ಆದ್ದರಿಂದ ಕೆಲಸವನ್ನು ಸಾಧನದಿಂದಲ್ಲ, ರೂಟರ್‌ನಿಂದ ಆರಂಭಿಸಬೇಕು.

ರೂಟರ್‌ನ ತಳಭಾಗದಲ್ಲಿ ಅಂಟಿಸಿರುವ ಚೀಟಿಯಲ್ಲಿ ಅದರ ವಿಳಾಸವೂ ಲಾಗಿನ್ ವಿವರಗಳೂ ಇರುತ್ತವೆ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೆರೆದು, ಎರಡೂ ಬ್ಯಾಂಡ್‌ಗಳಿಗೆ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರು ಕೊಡಿ. ಒಂದೇ ಹೆಸರಿನಿಂದಲೂ ಕೆಲಸ ನಡೆಯುತ್ತದೆ ಎಂದು ಕೆಲವರು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಬಲ್ಬು ಜೋಡಣೆಯಾಗದೆ ಹೋದಾಗ ಕಾರಣ ಹುಡುಕುವುದು ಹೆಸರುಗಳು ಬೇರೆಯಾಗಿದ್ದರೆ ಬಹಳ ಸುಲಭ. ಸುರಕ್ಷತೆಯ ವಿಭಾಗದಲ್ಲಿ, ವೈ-ಫೈ ಸುರಕ್ಷತಾ ವಿಧಾನಗಳಲ್ಲಿ ಹೊಸದಾದ ಡಬ್ಲ್ಯೂಪಿಎ3 ಒಂದನ್ನೇ ಆರಿಸಿದರೆ ಹಳೆಯ ಪ್ರಿಂಟರ್‌ಗಳು ಹೊರಗುಳಿಯುವ ಸಾಧ್ಯತೆಯಿರುವುದರಿಂದ, ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3 ಎರಡನ್ನೂ ಒಪ್ಪುವ ಮಿಶ್ರ ಆಯ್ಕೆಯೇ ಮನೆಗೆ ಸೂಕ್ತ. ಚೀಟಿಯಲ್ಲಿರುವ ಅಡ್ಮಿನ್ ಪಾಸ್‌ವರ್ಡನ್ನು ಇದೇ ಸಂದರ್ಭದಲ್ಲಿ ಬದಲಿಸಿಬಿಡಿ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ತೊಡಕಿದೆ. ಅಕ್ಕಪಕ್ಕದ, ಮೇಲಿನ, ಕೆಳಗಿನ ಮನೆಗಳ ರೂಟರ್‌ಗಳೆಲ್ಲ 2.4 ಗಿಗಾಹರ್ಟ್ಸ್‌ನಲ್ಲಿಯೇ ಒತ್ತೊತ್ತಾಗಿ ಕೆಲಸ ಮಾಡುತ್ತಿರುತ್ತವೆ. ಮೈಕ್ರೋವೇವ್ ಒಲೆಯೂ ಅದೇ ಬ್ಯಾಂಡಿನ ಸುತ್ತಮುತ್ತ ಗದ್ದಲವೆಬ್ಬಿಸುತ್ತದೆ. ಈ ಬ್ಯಾಂಡನ್ನು ಚಾನೆಲ್‌ಗಳೆಂಬ ಸಣ್ಣ ಭಾಗಗಳಾಗಿ ವಿಂಗಡಿಸಲಾಗಿದೆ; ಅವುಗಳಲ್ಲಿ ಒಂದರ ಮೇಲೊಂದು ಬೀಳದವು 1, 6 ಮತ್ತು 11 ಮಾತ್ರ. ವೈ-ಫೈ ಅನಲೈಸರ್ ಆ್ಯಪ್‌ನಲ್ಲಿ ನೋಡಿ, ಇವುಗಳಲ್ಲಿ ಜನಸಂದಣಿ ಕಡಿಮೆಯಿರುವುದನ್ನು ಆರಿಸಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. ಕೇಬಲ್ ಒಳಬರುವ ಬಾಗಿಲ ಬಳಿಯ ಮೂಲೆಯಲ್ಲೋ ಟಿವಿಯ ಹಿಂದೆಯೋ ರೂಟರನ್ನು ಬಚ್ಚಿಡುವ ರೂಢಿಯನ್ನು ಬಿಟ್ಟು, ಮನೆಯ ನಡುಭಾಗದಲ್ಲಿ ಎದೆಯೆತ್ತರಕ್ಕೆ ಇಟ್ಟರೆ ಸಿಗ್ನಲ್ ಎಲ್ಲ ಕೋಣೆಗಳಿಗೂ ತಲುಪುತ್ತದೆ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟ್ ಗೋಡೆಯನ್ನು ದಾಟುವುದು 5 ಗಿಗಾಹರ್ಟ್ಸ್‌ಗೆ ವಿಶೇಷವಾಗಿ ಕಷ್ಟ.

ಇನ್ನು ಬಲ್ಬು ಅಥವಾ ಪ್ಲಗ್. ಮೊದಲು ನಿಮ್ಮ ಫೋನನ್ನು 2.4 ಗಿಗಾಹರ್ಟ್ಸ್ ಹೆಸರಿಗೆ ಸೇರಿಸಿ, ಮೊಬೈಲ್ ಡೇಟಾವನ್ನೂ, ವಿಪಿಎನ್ (ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ಆ್ಯಪ್) ಇದ್ದರೆ ಅದನ್ನೂ ಆಫ್ ಮಾಡಿ, ಕಂಪನಿಯ ಆ್ಯಪ್ ಕೇಳುವ ಬ್ಲೂಟೂತ್ ಮತ್ತು ಲೊಕೇಶನ್ ಅನುಮತಿಗಳನ್ನು ಜೋಡಣೆ ಮುಗಿಯುವವರೆಗಾದರೂ ಕೊಡಿ. ಸಾಧನವನ್ನು ಜೋಡಣೆಯ ಸ್ಥಿತಿಗೆ ತರುವ ವಿಧಾನ ಅದರ ಕೈಪಿಡಿಯಲ್ಲಿರುತ್ತದೆ. ಪ್ಲಗ್‌ಗಳಲ್ಲಿ ಸಾಮಾನ್ಯವಾಗಿ ಗುಂಡಿಯನ್ನು ದೀಪ ಬೇಗಬೇಗ ಮಿಣುಕುವವರೆಗೆ ಒತ್ತಿ ಹಿಡಿಯಬೇಕು. ಪಾಸ್‌ವರ್ಡ್ ಬರೆಯುವಾಗ ದೊಡ್ಡ ಮತ್ತು ಸಣ್ಣ ಅಕ್ಷರಗಳ ವ್ಯತ್ಯಾಸವನ್ನು ಗಮನಿಸಿ. ಗೀಸರ್‌ಗೆ ಪ್ಲಗ್ ಬಳಸುವವರು ಅದರ ಮೇಲಿನ ಆಂಪಿಯರ್ ಸಂಖ್ಯೆಯನ್ನು ಓದಲೇಬೇಕು: 2,000 ವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುವುದರಿಂದ ಅದಕ್ಕೆ 16 ಆಂಪಿಯರ್ ಪ್ಲಗ್ಗೇ ಬೇಕು. ಸಂಪಿನ ಮೋಟರನ್ನು ಸಾಮಾನ್ಯ ಸ್ಮಾರ್ಟ್ ಪ್ಲಗ್‌ಗೆ ನೇರವಾಗಿ ಜೋಡಿಸುವುದು ಸರಿಯಲ್ಲ. ಮೋಟರ್ ಆರಂಭವಾಗುವಾಗ ಎಳೆಯುವ ಕರೆಂಟು ಅದು ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಎಲೆಕ್ಟ್ರಿಷಿಯನ್‌ನಿಂದ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟನ್ನು ತಾಳಬಲ್ಲ ವಿದ್ಯುತ್ ಚಾಲಿತ ಸ್ವಿಚ್ಚು) ಹಾಕಿಸಿ, ಅದನ್ನು ಸ್ಮಾರ್ಟ್ ಸ್ವಿಚ್ಚಿನಿಂದ ನಡೆಸಿ. ಸಂಪಿನಲ್ಲಿ ನೀರಿಲ್ಲದಾಗ ಮೋಟರ್ ಓಡದಂತೆ ತಡೆಯುವ ವ್ಯವಸ್ಥೆಯೂ ಇರಲಿ.

ಪ್ರಿಂಟರ್‌ನಲ್ಲಿ ಪರದೆಯಿದ್ದರೆ ಅದರ ಮೆನುವಿನಿಂದಲೇ ವೈ-ಫೈ ಆರಿಸಬಹುದು. ಪರದೆಯಿಲ್ಲದಿದ್ದರೆ, ರೂಟರ್‌ನ ಡಬ್ಲ್ಯೂಪಿಎಸ್ ಗುಂಡಿಯನ್ನು (ಪಾಸ್‌ವರ್ಡ್ ಬರೆಯದೆ ಸಾಧನವನ್ನು ಜೋಡಿಸುವ ಗುಂಡಿ) ಒತ್ತಿ ಎರಡು ನಿಮಿಷದೊಳಗೆ ಪ್ರಿಂಟರ್‌ನ ಗುಂಡಿಯನ್ನೂ ಒತ್ತಿದರೆ ಸಾಕು. ಕೆಲಸ ಮುಗಿದ ಮೇಲೆ ರೂಟರ್‌ನಲ್ಲಿ ಡಬ್ಲ್ಯೂಪಿಎಸ್ ಅನ್ನು ನಿಲ್ಲಿಸಿ. ಟಿವಿ ರೂಟರ್‌ನ ಹತ್ತಿರವೇ ಇದ್ದರೆ ಲ್ಯಾನ್ ಕೇಬಲ್ಲೇ ಲೇಸು.

ಕ್ಯಾಮೆರಾ, ಬಲ್ಬುಗಳನ್ನು ರೂಟರ್‌ನಲ್ಲಿ ಪ್ರತ್ಯೇಕವಾಗಿ ತೆರೆಯಬಹುದಾದ ಅತಿಥಿ ನೆಟ್‌ವರ್ಕ್‌ನಲ್ಲಿಟ್ಟರೆ, ಅವುಗಳಲ್ಲಿ ಯಾವುದಾದರೂ ದೋಷವಿದ್ದರೂ ಅದರ ಮೂಲಕ ನುಸುಳಿದವರು ನಿಮ್ಮ ಲ್ಯಾಪ್‌ಟಾಪ್‌ನತ್ತ ಕೈಚಾಚುವುದು ಕಷ್ಟವಾಗುತ್ತದೆ. ಪ್ರಿಂಟರ್ ಮಾತ್ರ ಮುಖ್ಯ ನೆಟ್‌ವರ್ಕ್‌ನಲ್ಲಿಯೇ ಇರಲಿ, ಇಲ್ಲವಾದರೆ ಲ್ಯಾಪ್‌ಟಾಪ್‌ಗೆ ಅದು ಕಾಣಿಸದು.

ಬಾಡಿಗೆ ಮನೆಗಳನ್ನು ಬದಲಿಸುತ್ತಿರುವವರಿಗೆ ಒಂದು ಸೂಚನೆ: ಹೊಸ ಮನೆಯಲ್ಲಿ ಬೇರೆ ಕಂಪನಿಯ ಸಂಪರ್ಕ ಪಡೆದು ರೂಟರ್ ಬದಲಾದರೂ, ಅದಕ್ಕೆ ಹಳೆಯ ವೈ-ಫೈ ಹೆಸರು, ಹಳೆಯ ಪಾಸ್‌ವರ್ಡ್ ಮತ್ತು ಅದೇ ಬಗೆಯ ಸುರಕ್ಷತಾ ಆಯ್ಕೆಯನ್ನು ಅಕ್ಷರವೂ ತಪ್ಪದಂತೆ ಕೊಟ್ಟರೆ, ಬಹುತೇಕ ಸಾಧನಗಳು ಮತ್ತೆ ಜೋಡಿಸುವ ಅಗತ್ಯವಿಲ್ಲದೆ ತಾವಾಗಿಯೇ ಸೇರಿಕೊಳ್ಳುತ್ತವೆ.