ಅರವತ್ತು ಪಿನ್ನಿನ ಟಿ.ವಿ. ಗೇಮಿಗೆ ಮೂರು ಧ್ವನಿ ಕೂಡಿಸಿದ್ದು

ಜಪಾನಿನ ನಿಂಟೆಂಡೊ ಫ್ಯಾಮಿಕಾಮ್ ಆಟದ ಯಂತ್ರದ ನಕಲಿಯಾದ ಟಿ.ವಿ. ಗೇಮಿನಲ್ಲಿ, ಕ್ಯಾಸೆಟ್ಟಿನಲ್ಲಿಟ್ಟ ಹೊರಗಿನ ಸೌಂಡ್ ಚಿಪ್ ನುಡಿಯುವುದಿಲ್ಲ ಎಂದು ನನಗೆ ಹೇಳದವರಿಲ್ಲ. ನುಡಿಯುತ್ತದೆ. ಮೈಸೂರಿನ ನಮ್ಮ ಮನೆಯಲ್ಲಿ ಈಗ ದಿನಾ ಸಂಜೆ ನುಡಿಯುತ್ತಿದೆ. ಬೋರ್ಡಿನ ಮೇಲೆ ಕಪ್ಪು ಅಂಟಿನ ಬೊಟ್ಟಿರುವ ಸೆಟ್ ಮಾತ್ರ ಬೇಡ. ಸಿಪಿಯು, ಚಿತ್ರ ಮೂಡಿಸುವ ಪಿಪಿಯು ಎರಡೂ ಬೇರೆ ಬೇರೆ ಚಿಪ್ಪುಗಳಾಗಿರುವ ಹಳೆಯದೇ ಆಗಬೇಕು. ನನ್ನದು ತೈವಾನಿನ ಯುಎಂಸಿ ಕಂಪನಿಯ ಚಿಪ್ಪುಗಳದ್ದು, ಗುಜರಿಯಲ್ಲಿ ನಾನೂರು ರೂಪಾಯಿ ಆಸುಪಾಸಿಗೆ ಸಿಕ್ಕಿತು.

ಅಸಲಿ ಫ್ಯಾಮಿಕಾಮ್‌ನಲ್ಲಿ ಸದ್ದು ಸ್ಲಾಟಿನ 45ನೇ ಪಿನ್ನಿನಿಂದ ಕ್ಯಾಸೆಟ್ಟಿಗೆ ಹೋಗಿ 46ರಿಂದ ಮರಳುತ್ತದೆ. ನನ್ನ ಸೆಟ್ಟಿನಲ್ಲಿ ಎರಡನ್ನೂ ಬೋರ್ಡಿನಲ್ಲೇ ಕೂಡಿಸಿಬಿಟ್ಟಿದ್ದರು. ಸ್ಲಾಟಿನ ಬುಡದಲ್ಲಿ, ಹಸಿರು ಬಣ್ಣದಡಿ ಕೂದಲೆಳೆಯಷ್ಟು ತಾಮ್ರ. ಅದನ್ನು ಬ್ಲೇಡಿನಿಂದ ಕೆರೆದು ಕತ್ತರಿಸಿದ ಮೇಲೆಯೇ ದಾರಿ ತೆರೆದದ್ದು.

1992ರಲ್ಲಿ ಸನ್‌ಸಾಫ್ಟ್ ಎಂಬ ಆಟದ ಕಂಪನಿ ಸದ್ದಿಗಾಗಿ ಒಂದೇ ಒಂದು ಆಟದಲ್ಲಿ ಬಳಸಿದ 5ಬಿ ಚಿಪ್ಪಿನ ಒಳಗಿರುವುದು ಮೂರು ಧ್ವನಿಯ ಸೌಂಡ್ ಚಿಪ್ಪಾದ ಯಮಾಹಾ ವೈಎಂ2149ರ ಕುಲವೇ. ಹಾಗಾಗಿ ನಾನೂ ವೈಎಂ2149ನ್ನೇ ಹಿಡಿದೆ. ಆನ್‌ಲೈನಿನಲ್ಲಿ ಮೂರು ತರಿಸಿದೆ, ಒಂದೊಂದಕ್ಕೆ ಮುನ್ನೂರರಷ್ಟು ಬಿತ್ತು. ಅವುಗಳಲ್ಲಿ ಎರಡು, ಮೇಲಿನ ಹೆಸರು ತಿದ್ದಿದ ಖೋಟಾ ಮಾಲು. ಆರುನೂರು ರೂಪಾಯಿ ನೀರಿಗೆ ಹೋಯಿತು. ಉಳಿದ ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದೆ. ಎಲ್ಲ ಸೇರಿ ಎರಡೂವರೆ ಸಾವಿರದೊಳಗೆ ಮುಗಿದಿದೆ.

ಹೆಚ್ಚು ಕಾಡಿದ್ದು ರೋಮ್, ಅಂದರೆ ಆಟ ಬರೆದಿಟ್ಟ, ಓದಲು ಮಾತ್ರ ಬರುವ ಚಿಪ್ಪು. ಸಾದಾ ಕ್ಯಾಸೆಟ್ಟಿನಲ್ಲಿ ಸಿಪಿಯು ಬರೆಯುವಾಗಲೂ ರೋಮ್ ಬಾಯಿ ಮುಚ್ಚುವುದಿಲ್ಲ. ಎರಡೂ ಒಟ್ಟಿಗೆ ಬಸ್ಸಿಗೆ (ಡೇಟಾ ಸಾಗುವ ತಂತಿಗಳಿಗೆ) ಬೀಳುತ್ತವೆ, ಸೌಂಡ್ ಚಿಪ್ಪಿಗೆ ತಲುಪುವುದು ಕಸ. ಸ್ವರಗಳು ಕಂಡಾಪಟ್ಟೆ ಹಾರುತ್ತಿದ್ದವು. 27ಸಿ256 ಈಪ್ರಾಮ್ (ನಾವೇ ಬರೆದು ಹಾಕಬಹುದಾದ ರೋಮ್) ಹಾಕಿ, ಅದರ ಔಟ್‌ಪುಟ್ ಎನೇಬಲ್‌ಗೆ ಸಿಪಿಯು ಓದುತ್ತಿದೆಯೋ ಬರೆಯುತ್ತಿದೆಯೋ ಎಂದು ಹೇಳುವ ಆರ್/ಡಬ್ಲ್ಯು ಗೆರೆಯನ್ನು ತಿರುವಿ ಕೊಟ್ಟಾಗ ಕಸ ನಿಂತಿತು. ಆದರೂ ಆಗೊಂದು ಈಗೊಂದು ಸ್ವರ ತಪ್ಪುತ್ತಿತ್ತು. ಬರೆಯುವ ಪಲ್ಸನ್ನು ಹೇಗೆ ಹದಕ್ಕೆ ತಂದೆ ಎನ್ನುವುದನ್ನು ಸದ್ಯಕ್ಕೆ ಬಿಟ್ಟುಕೊಡುವುದಿಲ್ಲ. ಒಂದು 74ಎಚ್‌ಸಿ574 ಲ್ಯಾಚ್ ಚಿಪ್ಪು (ಡೇಟಾವನ್ನು ಕ್ಷಣಕಾಲ ಹಿಡಿದಿಡುವಂಥದ್ದು) ಇದೆ ಎಂದಷ್ಟೇ ಹೇಳುತ್ತೇನೆ.

ವೈಎಂ2149ರ 26ನೇ ಪಿನ್ನನ್ನು ನೆಲಕ್ಕೆ (ಗ್ರೌಂಡಿಗೆ) ಕಟ್ಟಿದರೆ 5ಬಿ ಶ್ರುತಿ. ಖಾಲಿ ಬಿಟ್ಟರೆ ಎಲ್ಲವೂ ಒಂದು ಸ್ಥಾಯಿ ಮೇಲೆ. ನಾನು ಅಲ್ಲೊಂದು ಸ್ವಿಚ್ ಇಟ್ಟೆ, ಅದಕ್ಕೆ ಕಾರಣವಿದೆ. ಮಾಯಾಮಾಳವಗೌಳದ ಸರಳೆ ನುಡಿಸಿ ನೋಡುವ ಆಸೆಯಿತ್ತು. 440 ಹರ್ಟ್ಸ್ ಹತ್ತಿರ 5ಬಿ ಶ್ರುತಿಯಲ್ಲಿ ಒಂದು ಮೆಟ್ಟಿಲಿಗೆ ಸುಮಾರು 14 ಸೆಂಟ್ಸ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್). ರಿಷಭದ ಗಮಕ ಜಾರದೆ ಕಟಕಟ ಎಂದು ಮೆಟ್ಟಿಲಿಳಿಯುತ್ತದೆ. ಪಿನ್ ಖಾಲಿ ಬಿಟ್ಟು, ಸ್ವರಕ್ಕಾಗಿ ಚಿಪ್ಪಿಗೆ ಬರೆಯುವ ಪೀರಿಯಡ್ ಸಂಖ್ಯೆಯನ್ನು ಇಮ್ಮಡಿಸಿದರೆ ಅದೇ ಸ್ವರಕ್ಕೆ ಮೆಟ್ಟಿಲು 7 ಸೆಂಟ್ಸಿಗೆ ಇಳಿಯುತ್ತದೆ. ವೀಣೆಯಾಗುವುದಿಲ್ಲ, ಆದರೆ ಕಿವಿಗೆ ಹಿತವಾಗಿದೆ. ಮಂದ್ರದಲ್ಲಂತೂ ಬಹಳ ಚೆನ್ನ.

ಸದ್ದು ಹಿಗ್ಗಿಸಲು ಹಾಕಿದ್ದ ಟಿಎಲ್072 ಆಪ್ ಆಂಪಿಗೆ 5 ವೋಲ್ಟ್ ಸಾಲದು, ಸದ್ದು ಒಡೆಯುತ್ತದೆ. ಆಪ್ ಆಂಪನ್ನೇ ಕಿತ್ತೆಸೆದು ಚಿಪ್ಪಿನ ಮೂರು ಧ್ವನಿಗಳ ಪಿನ್ನುಗಳಾದ ಎ, ಬಿ, ಸಿ ಮೂರನ್ನೂ ಕೂಡಿಸಿ, 1 ಕಿಲೋ ಓಮ್ ನೆಲಕ್ಕಿಟ್ಟು, ಕೆಪಾಸಿಟರ್ ದಾಟಿಸಿ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಮೂಲಕ 46ನೇ ಪಿನ್ನಿಗೆ ಕೊಟ್ಟೆ. 45ರಿಂದ ಬರುವ ಮೂಲ ಸದ್ದಿಗೂ ಒಂದು ರೆಸಿಸ್ಟರ್. ಎಲ್ಲರೂ ಬರೆಯುವ 47 ಕಿಲೋ ಓಮ್ ಲೆಕ್ಕ ಫ್ಯಾಮಿಕಾಮಿನ ಹೊರದೇಶದ ರೂಪವಾದ ನಿಂಟೆಂಡೊ ಎನ್‌ಇಎಸ್‌ನದು. ಈ ಸೆಟ್ಟುಗಳಿಗೆ ಅದನ್ನು ನಂಬಬೇಡಿ, ಕಿವಿಯಿಟ್ಟು ಪ್ರಿಸೆಟ್ ತಿರುಗಿಸಿ.